ಬಾಗಿಲು ತಟ್ಟುತ್ತಿದ್ದ ಮಗು: ದುಬೈ ಶಾಲೆಯೊಂದರ ಎಫ್‌ಎಸ್ 2 ಪ್ರಕರಣ

ಹಳದಿ ಬಣ್ಣದ ಒಂದು ಚೀಟಿ ಇನ್ನೂ ನನ್ನ ಫೈಲಿನಲ್ಲಿದೆ. ತರಗತಿಯ ಟೀಚರ್ ಬರೆದಿದ್ದು. ನಾಲ್ಕೇ ಸಾಲು. ‘ಬ್ಲಾಕ್ ಮೂಲೆಯಲ್ಲಿ ಒಬ್ಬಳೇ ಆಡುತ್ತಾಳೆ. ಮರದ ತುಂಡನ್ನು ಮತ್ತೆ ಮತ್ತೆ ತಟ್ಟುತ್ತಾಳೆ. ಬಾಯಲ್ಲಿ ಅರ್ಥವಿಲ್ಲದ ಶಬ್ದ. ಕರೆದರೆ ತಿರುಗುವುದಿಲ್ಲ.’

ಚಿಕ್ಕ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇಂಥ ಚೀಟಿ ಏನು ಹೇಳುತ್ತಿದೆ ಅಂತ ಗೊತ್ತಾಗುತ್ತದೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಎಲ್ಲರ ತಲೆಯಲ್ಲೂ ಒಂದೇ ಅನುಮಾನ ಸುಳಿಯುತ್ತದೆ: ಮಗುವಿನ ಬೆಳವಣಿಗೆಯಲ್ಲಿ ಏನೋ ತೊಂದರೆ ಇದೆ. ಮುಂದಿನ ಹೆಜ್ಜೆ ಸ್ಪೀಚ್ ಥೆರಪಿಸ್ಟ್, ಆಮೇಲೆ ಇನ್ನೊಬ್ಬ ತಜ್ಞರು, ಆಮೇಲೆ ದಪ್ಪನೆಯ ಒಂದು ವರದಿ.

ಆ ಮಗು ನಿಜಕ್ಕೂ ಏನು ಮಾಡುತ್ತಿತ್ತು ಅನ್ನುವುದು ಗೊತ್ತಾಗಲು ನಮಗೆ ಹತ್ತು ವಾರ ಬೇಕಾಯಿತು. ಆ ಹತ್ತು ವಾರ ಮತ್ತು ಅದರ ನಂತರದ ಒಂದೂಕಾಲು ವರ್ಷದ ಕಥೆ ಇದು. ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಮಗುವನ್ನು ಪುಟ್ಟಿ ಅಂತಲೇ ಕರೆಯುತ್ತೇನೆ.

ಪುಟ್ಟಿ ಯಾರು

ಮೈಸೂರಿನ ಹುಡುಗಿ. ಜುಲೈಯಲ್ಲಿ ಹುಟ್ಟಿದವಳು. ಅಪ್ಪನಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಅಮ್ಮ, ಅಜ್ಜಿ, ಪುಟ್ಟಿ ಡಿಸೆಂಬರ್‌ನಲ್ಲಿ ಬಂದರು. ಜನವರಿಯಲ್ಲಿ ಅವಳು ನಮ್ಮ ಶಾಲೆಯ ಎಫ್‌ಎಸ್ 2ಕ್ಕೆ, ಅಂದರೆ ಇಯರ್ ಒನ್‌ಗೆ ಮುಂಚಿನ ತರಗತಿಗೆ ಸೇರಿದಳು. ಆಗ ಅವಳಿಗೆ ನಾಲ್ಕೂವರೆ ವರ್ಷ. ಊರಲ್ಲಿ ಅರ್ಧ ವರ್ಷ ಎಲ್‌ಕೆಜಿ ಆಗಿತ್ತು.

ನಮ್ಮದು ಬ್ರಿಟಿಷ್ ಪಠ್ಯಕ್ರಮದ ಶಾಲೆ. ನಾನು ಅಲ್ಲಿ ಇಎಎಲ್ ಟೀಚರ್. ಅಂದರೆ ಮನೆಯಲ್ಲಿ ಬೇರೆ ಭಾಷೆ ಮಾತಾಡುವ ಮಕ್ಕಳು ಇಂಗ್ಲಿಷಿಗೆ ಒಗ್ಗಿಕೊಳ್ಳಲು ಜೊತೆಗಿರುವವಳು. ಊರು ಹಾಸನದ ಕಡೆ. ಹೀಗಿದ್ದೂ ಪುಟ್ಟಿ ನನ್ನ ಕಣ್ಣಿಗೆ ಬೀಳಲಿಲ್ಲ. ಯಾಕೆಂದರೆ ಸೇರಿಸುವಾಗ ಫಾರಂನಲ್ಲಿ ‘ಮನೆಮಾತು’ ಅನ್ನುವ ಕಡೆ ಅವರಪ್ಪ ‘ಇಂಗ್ಲಿಷ್’ ಅಂತ ಬರೆದಿದ್ದರು. ಕನ್ನಡ ಅಂತ ಬರೆದರೆ ಎಲ್ಲಿ ಸೀಟು ಸಿಗುವುದಿಲ್ಲವೋ ಅನ್ನುವ ಭಯ. ಆ ಭಯ ಅವರೊಬ್ಬರದಲ್ಲ. ನಾನು ಇಂಥ ಫಾರಂ ಎಷ್ಟೋ ನೋಡಿದ್ದೇನೆ. ನೋಡಿದ್ದರಿಂದಲೇ ಅನುಮಾನ ಪಡಬೇಕಿತ್ತು. ಪಡಲಿಲ್ಲ. ಇಂಗ್ಲಿಷ್ ಅಂತ ಇದ್ದ ಹೆಸರುಗಳನ್ನೆಲ್ಲ ಪಟ್ಟಿಯಿಂದ ಬಿಟ್ಟೆ, ಅವಳ ಹೆಸರೂ ಅದರಲ್ಲಿ ಹೋಯಿತು. ಈ ಪ್ರಕರಣದ ಮೊದಲ ತಪ್ಪು ನನ್ನದೇ.

‘ಇಷ್ಟು ದುಡ್ಡು ಕೊಟ್ಟು ಮರಳಲ್ಲಿ ಆಡಿಸ್ತೀರಾ?’

ಇಲ್ಲಿ ಪಠ್ಯಕ್ರಮದ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಲ್ಲದಿದ್ದರೆ ಅಪ್ಪನ ಸಿಟ್ಟೂ ಅರ್ಥವಾಗುವುದಿಲ್ಲ, ಟೀಚರ್ ಬರೆದ ಚೀಟಿಯೂ ಅರ್ಥವಾಗುವುದಿಲ್ಲ.

ಇಂಗ್ಲೆಂಡಿನಲ್ಲಿ ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗೆ ಒಂದು ಚೌಕಟ್ಟಿದೆ. ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್, ಬಾಯಿಮಾತಿನಲ್ಲಿ ಇವೈಎಫ್‌ಎಸ್. 2008ರಲ್ಲಿ ಜಾರಿಗೆ ಬಂತು. ಶುರುವಿನಲ್ಲಿ ಮಗು ಮುಟ್ಟಬೇಕಾದ ಗುರಿಗಳು 69 ಇದ್ದವು. ಟೀಚರುಗಳು ಗುರುತು ಹಾಕಿ ಹಾಕಿ ಸುಸ್ತಾದರು. 2012ರಲ್ಲಿ ಅದನ್ನು 17ಕ್ಕೆ ಇಳಿಸಿದರು. 2021ರಲ್ಲಿ ಮತ್ತೆ ತಿದ್ದಿದರು. ಲೋಕದ ಮೂಲೆ ಮೂಲೆಯಲ್ಲಿರುವ ಬ್ರಿಟಿಷ್ ಶಾಲೆಗಳು ಇದನ್ನೇ ತಮಗೆ ಬೇಕಾದಂತೆ ಹೊಂದಿಸಿಕೊಂಡು ನಡೆಸುತ್ತವೆ. ದುಬೈಯಲ್ಲಿ ಇದರ ಕೊನೆಯ ಎರಡು ವರ್ಷಕ್ಕೆ ಎಫ್‌ಎಸ್ 1, ಎಫ್‌ಎಸ್ 2 ಅಂತ ಹೆಸರು.

ಇದರಲ್ಲಿ ಏಳು ಕ್ಷೇತ್ರಗಳಿವೆ. ಮೊದಲ ಮೂರು ಬುನಾದಿ: ಮಾತು ಮತ್ತು ಆಲಿಸುವುದು, ಮೈಕೈ ಪಳಗುವುದು, ಮನಸ್ಸು ಮತ್ತು ಜೊತೆಗಾರಿಕೆ. ಓದುಬರಹ, ಲೆಕ್ಕ, ಸುತ್ತಲಿನ ಲೋಕ, ಚಿತ್ರ-ಹಾಡು-ಕುಣಿತ ಇವು ಅದರ ಮೇಲೆ ನಿಲ್ಲುತ್ತವೆ. ಮಾತು ಮೊದಲು, ಬರವಣಿಗೆ ಆಮೇಲೆ ಅನ್ನುವುದು ಇದರ ತಿರುಳು. ಹಾಗಾಗಿ ತರಗತಿಯಲ್ಲಿ ಬೆಂಚು ಸಾಲಾಗಿ ಇರುವುದಿಲ್ಲ. ಒಂದು ಕಡೆ ನೀರಿನ ತೊಟ್ಟಿ, ಒಂದು ಕಡೆ ಮರಳು, ಒಂದು ಕಡೆ ಬ್ಲಾಕು, ಇನ್ನೊಂದು ಕಡೆ ಆಟದ ಅಡುಗೆಮನೆ. ಮಗು ತಾನೇ ಆರಿಸಿಕೊಂಡು ಆಡುತ್ತದೆ. ಟೀಚರ್ ಪಕ್ಕದಲ್ಲಿ ಕೂತು ನೋಡುತ್ತಾರೆ, ಮಾತಿಗೆಳೆಯುತ್ತಾರೆ, ಕಂಡದ್ದನ್ನು ಬರೆದುಕೊಳ್ಳುತ್ತಾರೆ. ಹಳದಿ ಚೀಟಿ ಹುಟ್ಟುವುದೇ ಹೀಗೆ.

ಪುಟ್ಟಿಯ ಅಪ್ಪನಿಗೆ ಇದು ಹಿಡಿಸಲಿಲ್ಲ. ಮೊದಲ ಭೇಟಿಯಲ್ಲೇ ಹೇಳಿದ್ದರಂತೆ: ಊರಲ್ಲಿ ನಾಲ್ಕು ಗೆರೆ ಪುಸ್ತಕದಲ್ಲಿ ಎ ಯಿಂದ ಝಡ್‌ವರೆಗೆ ಬರೆಯುತ್ತಿದ್ದಳು, ಒಂದರಿಂದ ನೂರು ಗಡಗಡ ಹೇಳುತ್ತಿದ್ದಳು, ಇಲ್ಲಿ ಬಂದು ಮರಳಾಟ ಆಡುತ್ತಿದ್ದಾಳೆ. ಹೋಂವರ್ಕ್ ಇಲ್ಲ, ನೋಟ್‌ಬುಕ್ ಇಲ್ಲ. ಇಷ್ಟು ದುಡ್ಡು ಕೊಟ್ಟು ಮರಳಲ್ಲಿ ಆಡಿಸ್ತೀರಾ?

ಅವರನ್ನು ನೋಡಿ ನಗುವುದು ಸುಲಭ. ನನಗೆ ನಗು ಬರಲಿಲ್ಲ. ನಾನೂ ಅದೇ ನಾಲ್ಕು ಗೆರೆಯಲ್ಲಿ ಕಲಿತವಳು. ಕಣ್ಣಿಗೆ ಕಾಣುವ ಪುಟ ಇಲ್ಲದಿದ್ದರೆ ಮಗು ಕಲಿತಿದೆ ಅಂತ ನಂಬುವುದು ಹೇಗೆ? ಈ ಪಠ್ಯಕ್ರಮ ಅಪ್ಪ ಅಮ್ಮನಿಂದ ದೊಡ್ಡ ನಂಬಿಕೆಯನ್ನೇ ಕೇಳುತ್ತದೆ. ಆ ನಂಬಿಕೆ ಹುಟ್ಟಿಸುವ ಕೆಲಸವನ್ನು ಮಾತ್ರ ಶಾಲೆಗಳು ಅಷ್ಟಾಗಿ ಮಾಡುವುದಿಲ್ಲ. ಚಂದದ ಫೋಟೊ ಕಳಿಸಿದರೆ ಮುಗಿಯಿತು ಅಂದುಕೊಳ್ಳುತ್ತವೆ. ಅಂದಹಾಗೆ, ನಮ್ಮ ದೇಶದ 2020ರ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕವೇ, ಆದಷ್ಟು ಮನೆಮಾತಿನಲ್ಲೇ ಕಲಿಸಬೇಕು ಅನ್ನುತ್ತದೆ. ಕಾಗದದಲ್ಲಿ ಎರಡೂ ಕಡೆ ಒಂದೇ ಮಾತು.

ಮೌನದ ಹತ್ತು ವಾರ

ಪುಟ್ಟಿ ತರಗತಿಯಲ್ಲಿ ಮಾತಾಡಲಿಲ್ಲ. ಜನವರಿ ಕಳೆಯಿತು, ಫೆಬ್ರವರಿಯೂ ಕಳೆಯಿತು. ತಲೆಯಾಡಿಸುತ್ತಿದ್ದಳು, ಬೆರಳು ತೋರಿಸುತ್ತಿದ್ದಳು, ಅಷ್ಟೇ. ಒಂದೆರಡು ಪದ ಬಂದರೂ ಟೀಚರಿಗೆ ವಿಚಿತ್ರವಾಗಿ ಕೇಳುತ್ತಿತ್ತು.

ಹೊಸ ಭಾಷೆಯ ನಡುವೆ ಬಿದ್ದ ಮಗು ಹೀಗೆ ಸುಮ್ಮನಿರುವುದು ಹೊಸದೇನಲ್ಲ. ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಬರೀ ಕೇಳಿಸಿಕೊಳ್ಳುತ್ತದೆ. ಆದರೆ ಫಾರಂ ಪ್ರಕಾರ ಪುಟ್ಟಿಯದು ಇಂಗ್ಲಿಷ್ ಮನೆ! ಹಾಗಾದರೆ ಈ ಮೌನ ಭಾಷೆಯದ್ದಲ್ಲ, ಬೇರೇನೋ ಅಂತ ಟೀಚರ್ ಲೆಕ್ಕ ಹಾಕಿದರು. ಅವರ ಕೈಯಲ್ಲಿದ್ದ ಮಾಹಿತಿಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ಟೀಚರ್ ಇಂಗ್ಲೆಂಡಿನಿಂದ ಬಂದ ಹುಡುಗಿ, ಮಕ್ಕಳೆಂದರೆ ಜೀವ, ಕೆಲಸದಲ್ಲಿ ಶ್ರದ್ಧೆ. ಒಂದು ತಪ್ಪು ಮಾತ್ರ ಆಯಿತು. ಮಾರ್ಚ್ ಶುರುವಿನ ಭೇಟಿಯಲ್ಲಿ ‘ಮನೆಯಲ್ಲಿ ಇನ್ನೂ ಜಾಸ್ತಿ ಇಂಗ್ಲಿಷ್ ಮಾತಾಡಿ’ ಅಂದುಬಿಟ್ಟರು.

ಅಪ್ಪ ಅದನ್ನು ಆಜ್ಞೆಯಂತೆ ತೆಗೆದುಕೊಂಡರು. ಅವತ್ತಿನಿಂದ ಮನೆಯಲ್ಲಿ ಕನ್ನಡ ಬಂದ್. ಅಪ್ಪನ ಇಂಗ್ಲಿಷ್ ಆಫೀಸಿನದ್ದು, ಅಮ್ಮನದ್ದು ತಡವರಿಸುವ ಇಂಗ್ಲಿಷ್. ‘ಕಮ್, ಸಿಟ್, ಈಟ್, ಸ್ಲೀಪ್’ ಬಿಟ್ಟರೆ ಮಗುವಿಗೆ ಹೇಳಲು ಅವರ ಹತ್ತಿರ ಮಾತೇ ಉಳಿಯಲಿಲ್ಲ. ಮುದ್ದು ಮಾಡುವುದು ಹೇಗೆ, ರಮಿಸುವುದು ಹೇಗೆ, ಬೈಯುವುದು ಹೇಗೆ? ಅಜ್ಜಿಗಂತೂ ಇಂಗ್ಲಿಷೇ ಇಲ್ಲ. ಅವರು ಊಟ ಬಡಿಸಿ ರೂಮಿಗೆ ಹೋಗಿ ಕೂರತೊಡಗಿದರು. ಎರಡೇ ವಾರದಲ್ಲಿ ಪುಟ್ಟಿ ಮನೆಯಲ್ಲೂ ಮಾತು ಕಡಿಮೆ ಮಾಡಿದಳು. ಅಪ್ಪ ಇದನ್ನು ಶಾಲೆಗೆ ತಿಳಿಸಿದರು. ಶಾಲೆಯ ಅನುಮಾನಕ್ಕೆ ಅದು ಸಾಕ್ಷಿಯಾಗಿ ಸೇರಿಕೊಂಡಿತು. ನೋಡಿ, ಕಾಯಿಲೆ ಅಂತ ಹೆಸರಿಟ್ಟು ಕೊಟ್ಟ ಮದ್ದೇ ಕಾಯಿಲೆ ತರಿಸಿತು.

ಬ್ಲಾಕ್ ಮೂಲೆ

ಮಾರ್ಚ್ ಮಧ್ಯದ ಒಂದು ದಿನ. ಬೇರೆ ಮಗುವಿಗೆ ಅಂತ ನಾನು ಆ ತರಗತಿಗೆ ಹೋಗಿದ್ದೆ. ಆ ವಾರ ಅವರ ಪಾಠದ ವಿಷಯ ‘ಮನೆಗಳು’. ಬ್ಲಾಕ್ ಮೂಲೆಯಲ್ಲಿ ಒಬ್ಬಳು ಸಣ್ಣ ಹುಡುಗಿ ನಾಲ್ಕು ಗೋಡೆ ಕಟ್ಟಿದ್ದಳು. ಮುಂದೆ ಒಂದು ಹಲಗೆ ನಿಲ್ಲಿಸಿದ್ದಳು. ಅದನ್ನು ತಟ್ಟುತ್ತಾ ಏನೋ ಗೊಣಗುತ್ತಿದ್ದಳು. ಪಕ್ಕದಲ್ಲಿ ಹಾದುಹೋಗುವಾಗ ಕಿವಿಗೆ ಬಿತ್ತು.

‘ತಾಳು ಕಾಗಕ್ಕ, ಮಗುಗೆ ಸ್ನಾನ ಮಾಡಿಸ್ತಿದೀನಿ.’

ನಾನು ನಿಂತಲ್ಲೇ ನಿಂತೆ. ಮತ್ತೆ ಟಕ್ ಟಕ್. ‘ತಾಳು ಕಾಗಕ್ಕ, ಮಗುಗೆ ಬಟ್ಟೆ ಹಾಕ್ತಿದೀನಿ.’

ಕಾಗಕ್ಕ ಗುಬ್ಬಕ್ಕನ ಕಥೆ ಕೇಳದೆ ಬೆಳೆದ ಕನ್ನಡದ ಮಗು ಇದೆಯಾ? ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಗುಬ್ಬಕ್ಕನ ಮನೆ ಗಟ್ಟಿ. ಕಾಗಕ್ಕ ನೆನೆಯುತ್ತಾ ಬಂದು ಬಾಗಿಲು ತಟ್ಟುತ್ತಾಳೆ. ಗುಬ್ಬಕ್ಕ ಒಳಗಿನಿಂದಲೇ ಒಂದೊಂದು ನೆಪ ಹೇಳುತ್ತಾಳೆ. ಪಾಠದ ವಿಷಯ ಮನೆ. ಆ ಮಗು ತನಗೆ ಗೊತ್ತಿದ್ದ ಮನೆಯ ಕಥೆಯನ್ನು ಇಡೀ ಆಡುತ್ತಿತ್ತು. ಎರಡು ಪಾತ್ರ, ಎರಡು ದನಿ, ಕ್ರಮ ತಪ್ಪದ ಘಟನೆಗಳು. ಪಾಠಕ್ಕೆ ಇಷ್ಟು ಹತ್ತಿರವಾಗಿ ಆ ದಿನ ಯಾರೂ ಆಡುತ್ತಿರಲಿಲ್ಲ ಅನ್ನಿಸುತ್ತದೆ. ಚೀಟಿಯಲ್ಲಿ ಮಾತ್ರ ‘ಅರ್ಥವಿಲ್ಲದ ಶಬ್ದ’.

ನಾನು ಮಂಡಿಯೂರಿ ಕೂತು ಹಲಗೆ ತಟ್ಟಿದೆ. ‘ಗುಬ್ಬಕ್ಕ, ನೆನೀತಿದೀನಿ ಕಣೇ, ಬಾಗಿಲು ತೆಗಿ’ ಅಂದೆ. ಅವಳು ನನ್ನ ಮುಖವನ್ನು ತುಂಬಾ ಹೊತ್ತು ನೋಡಿದಳು. ಆಮೇಲೆ ತಣ್ಣಗೆ, ‘ತಾಳು, ಮಗುಗೆ ಹಾಲು ಕುಡಿಸ್ತಿದೀನಿ’ ಅಂದಳು.

ಬಾಗಿಲು ಅವತ್ತು ತೆಗೆಯಲಿಲ್ಲ. ಬೆಲ್ ಹೊಡೆಯಿತು.

ಕನ್ನಡದಲ್ಲಿ ನೋಡಿದಾಗ

ಇವೈಎಫ್‌ಎಸ್ ಚೌಕಟ್ಟಿನಲ್ಲೇ ಒಂದು ನಿಯಮ ಇದೆ. ಮಗುವಿನ ಇಂಗ್ಲಿಷ್ ಗಟ್ಟಿಯಿಲ್ಲದಿದ್ದರೆ, ಮಾತು ಹಿಂದುಳಿದಿದೆ ಅಂತ ಆತಂಕ ಪಡುವ ಮೊದಲು, ಮನೆಮಾತಿನಲ್ಲಿ ಅದು ಹೇಗಿದೆ ಅಂತ ಹೆತ್ತವರ ಜೊತೆ ಕೂತು ತಿಳಿಯಲೇಬೇಕು. ಆಟದಲ್ಲಿ, ಕಲಿಕೆಯಲ್ಲಿ ಮನೆಮಾತು ಬಳಸಲು ಅವಕಾಶ ಮಾಡಿಕೊಡುವ ಜವಾಬ್ದಾರಿಯೂ ಶಾಲೆಯದೇ. ಅಂದರೆ ‘ಮನೆಯಲ್ಲಿ ಇಂಗ್ಲಿಷ್ ಮಾತಾಡಿ’ ಅನ್ನುವ ಸಲಹೆ ನಮ್ಮದೇ ಪುಸ್ತಕಕ್ಕೆ ವಿರುದ್ಧ. ಇದರ ಹಿಂದಿನ ತರ್ಕ ಸರಳ. ಮಾತಿನ ತೊಂದರೆ ನಿಜವಾಗಿಯೂ ಇದ್ದರೆ ಅದು ಮಗುವಿನ ಎಲ್ಲ ಭಾಷೆಯಲ್ಲೂ ಕಾಣುತ್ತದೆ. ಒಂದರಲ್ಲಿ ಹರಳು ಹುರಿದಂತೆ ಮಾತಾಡಿ ಇನ್ನೊಂದರಲ್ಲಿ ಸುಮ್ಮನಿದ್ದರೆ ಅದು ತೊಂದರೆ ಅಲ್ಲ, ಕಲಿಕೆ.

ಮೊದಲು ಕಿವಿ ಪರೀಕ್ಷೆ ಮಾಡಿಸಿದೆವು. ಕರೆದರೆ ತಿರುಗುವುದಿಲ್ಲ ಅಂದಾಗ ಮಾಡಬೇಕಾದ ಮೊದಲ ಕೆಲಸ ಅದು. ಕಿವಿ ಚೆನ್ನಾಗಿತ್ತು. ತಿರುಗದಿದ್ದದ್ದಕ್ಕೆ ಕಾರಣ ಬೇರೆ: ಟೀಚರ್ ಕರೆಯುತ್ತಿದ್ದದ್ದು ಪಾಸ್‌ಪೋರ್ಟಿನ ಉದ್ದದ ಹೆಸರನ್ನು, ಅದೂ ಒತ್ತು ಬೇರೆ ಕಡೆ ಹಾಕಿ. ತನ್ನನ್ನೇ ಕರೆಯುತ್ತಿದ್ದಾರೆ ಅಂತ ಅವಳಿಗೆ ಗೊತ್ತಾಗಿರಲಿಲ್ಲ.

ಆಮೇಲೆ ಅಮ್ಮ, ಅಜ್ಜಿ ಇಬ್ಬರನ್ನೂ ಶಾಲೆಗೆ ಕರೆಸಿದೆ. ಅಮ್ಮ ‘ಮೇಡಂ’ ಅಂತ ಶುರು ಮಾಡಿದವರು ನಾನು ಹಾಸನದವಳು ಅಂದ ಕೂಡಲೇ ‘ಅಕ್ಕ’ಕ್ಕೆ ಇಳಿದರು. ಅಜ್ಜಿ ಕೈಚೀಲದಲ್ಲಿ ಕವಡೆ ತಂದಿದ್ದರು, ನಾನೇ ಕೇಳಿದ್ದೆ.

ಕವಡೆ ಯಾಕೆಂದರೆ, ಪುಟ್ಟಿಯ ಲೆಕ್ಕದ ಸಾಲಿನಲ್ಲಿ ಹೀಗೆ ಬರೆದಿತ್ತು: ‘ನೂರರವರೆಗೆ ಬಾಯಿಪಾಠ. ಎಷ್ಟಿದೆ ಅಂತ ಕೇಳಿದರೆ ಉತ್ತರ ಇಲ್ಲ.’ ಎಫ್‌ಎಸ್ 2ರ ಲೆಕ್ಕದಲ್ಲಿ ನೂರಕ್ಕೆ ಬೆಲೆ ಕಡಿಮೆ. ಹತ್ತರೊಳಗಿನ ಸಂಖ್ಯೆ ಕೈವಶ ಆಗಬೇಕು. ಐದರವರೆಗಿನ ವಸ್ತುಗಳನ್ನು ಎಣಿಸದೆ, ಒಂದೇ ನೋಟಕ್ಕೆ ಇಷ್ಟು ಅಂತ ಹೇಳಬೇಕು. ಐದು ಅಂದರೆ ಎರಡು ಮೂರು, ನಾಲ್ಕು ಒಂದು ಅಂತ ಥಟ್ಟನೆ ಹೊಳೆಯಬೇಕು. ಈಗ ಹೇಳಿ, ಚೌಕಾಬಾರ ಆಡುವ ಮಗುವಿಗೆ ಇದು ಬರುವುದಿಲ್ಲವಾ?

ಅಜ್ಜಿ ಕವಡೆ ಹಾಕಿದರು. ಮೂರು ಮೇಲ್ಮುಖ. ‘ಎಷ್ಟು?’ ಅನ್ನುವ ಮೊದಲೇ ‘ಮೂರು’ ಅಂದಳು. ನಾಲ್ಕೂ ಮೇಲೆ ಬಿದ್ದಾಗ ‘ಚೌಕ!’ ಅಂತ ಕುಣಿದಳು. ನಾನು ನಾಲ್ಕು ಕವಡೆಯಲ್ಲಿ ಒಂದನ್ನು ಅಂಗೈಲಿ ಮುಚ್ಚಿಟ್ಟೆ. ‘ಒಂದು ನಿಮ್ಮ ಹತ್ರ ಇದೆ’ ಅಂದಳು. ಆಟಕ್ಕೆ ಐದನೆಯ ಕವಡೆ ಸೇರಿಸಲು ಹೋದೆ, ಐದರ ಲೆಕ್ಕ ನೋಡೋಣ ಅಂತ. ಕೈ ತಡೆದು, ‘ಅದು ತಪ್ಪು. ನಾಲ್ಕೇ ಇರಬೇಕು’ ಅಂದಳು. ಹೌದಲ್ವಾ, ಆಟಕ್ಕೂ ಒಂದು ನಿಯಮ ಇದೆ. ಐದರ ಲೆಕ್ಕವನ್ನು ಹುಣಸೆ ಬೀಜದಲ್ಲಿ ನೋಡಿದೆವು.

ಟೀಚರ್ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಒಂದು ಪದ ಅರ್ಥವಾಗದಿದ್ದರೂ ನಡೆಯುತ್ತಿರುವುದೇನು ಅಂತ ಅವರಿಗೆ ಪೂರ್ತಿ ಅರ್ಥವಾಯಿತು. ಹೊರಗೆ ಬಂದು ಕಣ್ಣೊರೆಸಿಕೊಂಡರು. ಆ ಮೇಲೆ ಅವರೇ ಪುಸ್ತಕ ತೆರೆದು ತೋರಿಸಿದ್ದು: ವರ್ಷದ ಕೊನೆಯ ಮೌಲ್ಯಮಾಪನದಲ್ಲಿ ಮಾತು ಮತ್ತು ಓದುಬರಹ ಇಂಗ್ಲಿಷಿನಲ್ಲೇ ಆಗಬೇಕು. ಉಳಿದ ಕ್ಷೇತ್ರಗಳಲ್ಲಿ ಮಗು ಯಾವ ಭಾಷೆಯಲ್ಲಿ ತೋರಿಸಿದರೂ ಲೆಕ್ಕಕ್ಕೆ ಬರುತ್ತದೆ. ಕವಡೆಯ ಆಟ ಅಧಿಕೃತ ಸಾಕ್ಷಿಯಾಗಿ ಫೈಲು ಸೇರಿತು.

ಬಸ್ಸಿನ ಬಾಲ

ಇನ್ನು ಆ ‘ವಿಚಿತ್ರ’ ಪದಗಳು. ಟೀಚರ್ ಒಂದು ಪಟ್ಟಿ ಮಾಡಿದ್ದರು. ಪದದ ಕೊನೆಗೆ ಇಲ್ಲದ ಸ್ವರ ಸೇರಿಸುತ್ತಾಳೆ. ಎಗ್ ಅನ್ನುವುದಕ್ಕೆ ಮೊದಲು ಯ ಬರುತ್ತದೆ. ಡಬ್ಲ್ಯೂ, ವಿ ಎರಡಕ್ಕೂ ಒಂದೇ ಸದ್ದು. ಝೂ ಅನ್ನಲು ಜೂ ಅನ್ನುತ್ತಾಳೆ. ಸ್ಪೀಚ್ ಥೆರಪಿಸ್ಟ್‌ಗೆ ಕಳಿಸಲು ಇಟ್ಟಿದ್ದ ಕಾಗದ ಅದು.

ಓದುತ್ತಾ ನನಗೆ ನಗು ತಡೆಯಲಾಗಲಿಲ್ಲ. ಪಟ್ಟಿಯಲ್ಲಿದ್ದದ್ದು ದೋಷ ಅಲ್ಲ, ಕನ್ನಡದ ವ್ಯಾಕರಣ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಇಂಗ್ಲಿಷ್ ಪದ ಸಿಕ್ಕರೆ ಅದಕ್ಕೂ ಒಂದು ಉಕಾರ ಅಂಟಿಸಿ ನಮ್ಮದು ಮಾಡಿಕೊಳ್ಳುತ್ತೇವೆ. ಬಸ್ಸು, ಕಾರು, ಪೆನ್ನು, ಬುಕ್ಕು. ಪದದ ಶುರುವಿನ ಎಕಾರ ನಮ್ಮ ಬಾಯಲ್ಲಿ ಯೆ ಆಗುತ್ತದೆ, ‘ಎಲೆ’ ಅಂತ ಬರೆದು ‘ಯೆಲೆ’ ಅನ್ನುತ್ತೇವೆ. ವಕಾರ ನಮಗೆ ಒಂದೇ. ಪುಟ್ಟಿ ಹೇಳಿದ ಇಂಗ್ಲಿಷ್ ಇಡೀ ಮೈಸೂರು ಹೇಳುವ ಇಂಗ್ಲಿಷ್. ಒಂದು ಸಲ ಕಪ್ ತೋರಿಸಿ ಏನು ಅಂತ ಕೇಳಿದಾಗ ‘ಕಪ್ಪು’ ಅಂದಿದ್ದಳಂತೆ. ಆ ಕಪ್ಪಿನ ಬಣ್ಣ ಕೆಂಪು. ಅಂದರೆ ಬಣ್ಣ ಹೇಳಿದ್ದಲ್ಲ, ಸರಿ ಉತ್ತರವೇ ಹೇಳಿದ್ದಳು. ಇದನ್ನು ಟೀಚರಿಗೆ ವಿವರಿಸಲು ನನಗೆ ಹತ್ತು ನಿಮಿಷ ಹಿಡಿಯಿತು.

ಆದರೆ ಒಂದು ನಿಜವಾದ ಅಡ್ಡಿ ಇತ್ತು. ಅದು ಫೋನಿಕ್ಸ್‌ನದ್ದು. 2006ರಲ್ಲಿ ಓದು ಕಲಿಸುವ ಬಗ್ಗೆ ಶಿಕ್ಷಣ ತಜ್ಞ ಜಿಮ್ ರೋಸ್ ಅವರ ವರದಿ ಬಂದ ಮೇಲೆ ಇಂಗ್ಲೆಂಡಿನ ಶಾಲೆಗಳಲ್ಲಿ ಓದು ಕಲಿಸುವುದೆಂದರೆ ಫೋನಿಕ್ಸ್ ಅಂತಲೇ ಆಗಿದೆ. ಅಕ್ಷರದ ಹೆಸರು ಅಲ್ಲ, ಸದ್ದು ಮೊದಲು. ಎ ಬಿ ಸಿ ಕ್ರಮವೂ ಇಲ್ಲ. ಹೆಚ್ಚಿನ ಕಡೆ ಎಸ್, ಎ, ಟಿ, ಪಿ, ಐ, ಎನ್ ಅಂತ ಶುರುವಾಗುತ್ತದೆ, ಯಾಕೆಂದರೆ ಈ ಆರರಲ್ಲೇ ಸ್ಯಾಟ್, ಟ್ಯಾಪ್, ಪಿನ್, ನ್ಯಾಪ್ ಅಂತ ಎಷ್ಟೋ ಪದ ಕಟ್ಟಬಹುದು. ಮಗು ಒಂದೊಂದು ಸದ್ದನ್ನೂ ಬಿಡಿಯಾಗಿ ಹೇಳಿ, ಸೇರಿಸಿ, ಪದ ಮಾಡಬೇಕು. ಪುಟ್ಟಿ ಊರಲ್ಲಿ ಕಲಿತದ್ದು ದೊಡ್ಡಕ್ಷರ ಮತ್ತು ಹೆಸರು. ‘ಸಿ, ಎ, ಟಿ’ ಅಂತ ಎಷ್ಟು ಸಲ ಹೇಳಿದರೂ ‘ಕ್ಯಾಟ್’ ಹುಟ್ಟುವುದಿಲ್ಲ.

ಅದಕ್ಕಿಂತ ಆಳದ ತೊಡಕು ಇನ್ನೊಂದು. ಕನ್ನಡದ ಕಿವಿ ಮಾತನ್ನು ಅಕ್ಷರವಾಗಿ ಒಡೆಯುತ್ತದೆ. ‘ಕಮಲ’ ಅಂದರೆ ಮೂರು ಚಪ್ಪಾಳೆ. ‘ಕ’ ನಮಗೆ ಒಂದೇ ಸದ್ದು, ಅದರೊಳಗೆ ಒಂದು ಅಕಾರ ಕೂತಿದೆ ಅಂತ ಅನ್ನಿಸುವುದೇ ಇಲ್ಲ. ಫೋನಿಕ್ಸ್ ಟೀಚರ್ ಕೇಳುವುದು ಅಕಾರ ಇಲ್ಲದ ಬರೀ ‘ಕ್’. ಪುಟ್ಟಿ ‘ಕ, ಆ್ಯ, ಟ’ ಅಂತ ಹೇಳಿ ಸೇರಿಸಿದರೆ ಬರುವುದು ‘ಕಆ್ಯಟ’. ಇದರಲ್ಲಿ ಬೆಕ್ಕು ಎಲ್ಲಿದೆ? ಬಸ್ ಅನ್ನುವುದಕ್ಕೆ ಚಪ್ಪಾಳೆ ತಟ್ಟು ಅಂದರೆ ಎರಡು ಸಲ ತಟ್ಟುತ್ತಿದ್ದಳು, ಬ-ಸ್ಸು.

ಇದಕ್ಕೆ ಮದ್ದು ನಮ್ಮಲ್ಲೇ ಇತ್ತು. ಅರ್ಧಾಕ್ಷರ! ‘ಕ್’ ಅನ್ನುವುದನ್ನು ಕನ್ನಡ ಶಾಲೆಯ ಪ್ರತಿ ಮಗುವೂ ಅರ್ಧ ಅಕ್ಷರ ಅಂತ ಕಲಿಯುತ್ತದೆ. ನಾಲ್ಕೂವರೆ ವರ್ಷದವಳಿಗೆ ಆ ಹೆಸರು ಯಾಕೆ ಅಂತ ಒಂದು ಆಟ ಮಾಡಿಕೊಂಡೆವು. ಬಾಲ ಕತ್ತರಿಸುವ ಆಟ. ಬಸ್ಸು ಅಂತ ಹೇಳು, ಬೆರಳಲ್ಲಿ ಕತ್ತರಿ ಮಾಡು, ಬಾಲ ಕಟ್. ಬಸ್! ಕಾರು, ಕಟ್, ಕಾರ್! ವಾರದೊಳಗೆ ಎಲ್ಲ ಪದದ ಬಾಲವೂ ಹೋಯಿತು. ಆಮೇಲೆ ಅದೇ ಕತ್ತರಿ ಸಣ್ಣದಾಯಿತು. ಕ, ಕಟ್, ಕ್. ಮ, ಕಟ್, ಮ್. ಟೀಚರ್ ಇದನ್ನು ಇಡೀ ತರಗತಿಗೆ ಆಡಿಸಿದರು. ಅಲ್ಲಿದ್ದ ತೆಲುಗು ಹುಡುಗನೊಬ್ಬನಿಗೆ ಇದು ನಮಗಿಂತ ಬೇಗ ಹತ್ತಿತು.

ಅಪ್ಪನ ಜೊತೆ

ಅಪ್ಪನ ಭೇಟಿ ಕಷ್ಟದ್ದಾಗಿತ್ತು. ‘ಹಾಗಾದ್ರೆ ಮೇಡಂ, ಮೊದಲು ಇಂಗ್ಲಿಷ್ ಮಾತಾಡಿ ಅಂದಿದ್ದು ನೀವೇ, ಈಗ ಕನ್ನಡ ಮಾತಾಡಿ ಅನ್ನೋದೂ ನೀವೇ. ನಾವೇನು ಮಾಡ್ಬೇಕು?’ ಅಂದರು. ಅವರ ಮಾತಿನಲ್ಲಿ ನ್ಯಾಯ ಇತ್ತು. ಶಾಲೆಯ ಪರವಾಗಿ ಟೀಚರ್ ಕ್ಷಮೆ ಕೇಳಿದರು. ಫಾರಂ ವಿಷಯ ನಾನು ಎತ್ತಲಿಲ್ಲ, ಅವರೇ ಎತ್ತಿದರು. ‘ಕನ್ನಡ ಅಂತ ಬರೆಯೋಕೆ ನಾಚಿಕೆ ಅಲ್ಲ ಮೇಡಂ, ಹೆದರಿಕೆ’ ಅಂದರು.

ಅವರಿಗೆ ಸಮಾಧಾನ ತಂದದ್ದು ಒಂದು ವಿವರ. ಕೆನಡಾದ ಭಾಷಾ ವಿದ್ವಾಂಸ ಜಿಮ್ ಕಮಿನ್ಸ್ 1970ರ ದಶಕದ ಕೊನೆಯಲ್ಲೇ ಒಂದು ವ್ಯತ್ಯಾಸ ತೋರಿಸಿದ್ದರು. ಆಟದ ಮೈದಾನದ ಇಂಗ್ಲಿಷ್ ಎರಡು ವರ್ಷದಲ್ಲಿ ಬರುತ್ತದೆ. ಪಾಠದ, ಯೋಚನೆಯ ಇಂಗ್ಲಿಷಿಗೆ ಐದರಿಂದ ಏಳು ವರ್ಷ ಬೇಕು. ಅಷ್ಟು ವರ್ಷ ಮಗು ಯಾವ ಭಾಷೆಯಲ್ಲಿ ಯೋಚಿಸಬೇಕು? ಮನೆಯಲ್ಲಿ ಕನ್ನಡ ನಿಲ್ಲಿಸಿದರೆ ಆ ಜಾಗ ಖಾಲಿ ಬೀಳುತ್ತದೆ. ಅಪ್ಪ ಎಂಜಿನಿಯರ್. ಲೋಡ್ ಹೊರಲು ಒಂದು ಕಂಬ ಬೇಕೇ ಬೇಕು, ಹೊಸದು ಗಟ್ಟಿಯಾಗುವವರೆಗೆ ಹಳೆಯದನ್ನು ತೆಗೆಯಬಾರದು ಅಂತ ಅವರೇ ತಮಗೆ ಹೇಳಿಕೊಂಡರು. ಮರಳಿನ ಬಗ್ಗೆ ಮಾತ್ರ ಅವರು ಕೊನೆಯವರೆಗೂ ಒಪ್ಪಲಿಲ್ಲ. ದಿನಕ್ಕೆ ಹತ್ತು ನಿಮಿಷ ಬರೆಸುತ್ತೇನೆ ಅಂದರು. ಬರೆಸಿ ಸರ್, ಆದರೆ ಸಣ್ಣಕ್ಷರ ಬರೆಸಿ ಅಂದೆ. ಪಿಂಚಣಿ ಬರುವವರೆಗೆ ಪಾಠ ಮಾಡಿದರೂ ಎಲ್ಲರನ್ನೂ ಒಪ್ಪಿಸಲು ಆಗುವುದಿಲ್ಲ.

ಇದೇ ಸಮಯದಲ್ಲಿ ಅವರು ಐಬಿ ಶಾಲೆಗೆ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್ ಅನ್ನುವ ಅಂತಾರಾಷ್ಟ್ರೀಯ ಪಠ್ಯಕ್ರಮದ ಶಾಲೆಗೆ ಬದಲಿಸುವ ಯೋಚನೆಯಲ್ಲೂ ಇದ್ದರು. ಐಬಿಯ ಪಿವೈಪಿ (ಪ್ರೈಮರಿ ಇಯರ್ಸ್ ಪ್ರೋಗ್ರಾಮ್) 1997ರಲ್ಲಿ ಶುರುವಾದ ಕಾರ್ಯಕ್ರಮ, ಮೂರರಿಂದ ಹನ್ನೆರಡು ವರ್ಷದವರಿಗೆ. ಅಲ್ಲಿ ‘ನಾವು ಯಾರು’, ‘ಜಗತ್ತು ಹೇಗೆ ನಡೆಯುತ್ತದೆ’ ಅನ್ನುವಂಥ ಆರು ದೊಡ್ಡ ವಿಷಯಗಳ ಸುತ್ತ ಕಲಿಕೆ ನಡೆಯುತ್ತದೆ, ಮಗುವಿನ ಪ್ರಶ್ನೆಯಿಂದ ಪಾಠ ಹುಟ್ಟಬೇಕು ಅನ್ನುತ್ತಾರೆ. ಒಳ್ಳೆಯದೇ. ಆದರೆ ನೋಟ್‌ಬುಕ್ ಇಲ್ಲ ಅನ್ನುವ ಕಾರಣಕ್ಕೆ ಅಲ್ಲಿಗೆ ಹೋದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಅದನ್ನೇ ಹೇಳಿದೆ, ಉಳಿದರು.

ಜೂನ್, ಮತ್ತೊಂದು ಜೂನ್

ಮನೆಯಲ್ಲಿ ಕನ್ನಡ ವಾಪಸ್ ಬಂತು. ಅಜ್ಜಿ ರೂಮಿನಿಂದ ಹೊರಗೆ ಬಂದರು. ವಾರಕ್ಕೊಂದು ದಿನ ತರಗತಿಗೆ ಬಂದು ಮಕ್ಕಳಿಗೆ ಹೂ ಕಟ್ಟುವುದನ್ನು ತೋರಿಸಿದರು. ಬೆರಳಿನ ಹಿಡಿತ ಬಲಿಯಲು ಮಣಿ ಪೋಣಿಸುವುದು, ಕಣಕದಂಥ ಮೆತ್ತನೆ ಹಿಟ್ಟು ನಾದುವುದು ನಮ್ಮಲ್ಲಿ ದಿನವೂ ಇತ್ತು. ಹೂ ಕಟ್ಟುವುದರ ಮುಂದೆ ಅವೆಲ್ಲ ಏನೂ ಅಲ್ಲ. ಪುಟ್ಟಿ ಅಜ್ಜಿಗೆ ದುಭಾಷಿ. ಏಪ್ರಿಲ್ ಕೊನೆಯಲ್ಲಿ ಅವಳ ಮೊದಲ ಉದ್ದದ ಇಂಗ್ಲಿಷ್ ವಾಕ್ಯ ಬಂದದ್ದು ಹಾಗೆಯೇ. ಹುಡುಗನೊಬ್ಬ ದಾರ ಎಳೆದಾಗ, ಹಾಗೆ ಎಳೆಯಬೇಡ ಅಂತ ನಮ್ಮಜ್ಜಿ ಹೇಳ್ತಿದಾರೆ ಅಂತ ಗದರಿಸಿದಳು.

ಜೂನ್ ವರದಿಯಲ್ಲಿ ಪ್ರತಿ ಗುರಿಗೂ ಎರಡೇ ಆಯ್ಕೆ: ನಿರೀಕ್ಷಿತ ಮಟ್ಟ ಮುಟ್ಟಿದ್ದಾಳೆ ಅಥವಾ ಇನ್ನೂ ಮೂಡುತ್ತಿದೆ. ಲೆಕ್ಕ ಮತ್ತು ಮೈಕೈ ಪಳಗುವುದರಲ್ಲಿ ಮುಟ್ಟಿದ್ದಳು. ಮಾತು, ಓದು, ಬರಹ ಇನ್ನೂ ಮೂಡುತ್ತಿತ್ತು. ಐದು ತಿಂಗಳ ಇಂಗ್ಲಿಷಿಗೆ ಅದು ನ್ಯಾಯವಾದ ಮಾತು.

ಸೆಪ್ಟೆಂಬರ್‌ನಲ್ಲಿ ಇಯರ್ ಒನ್. ಊರಿಗೆ ಫೋನ್ ಹೋಯಿತು, ಮಗಳು ಐದಕ್ಕೇ ಒಂದನೇ ಕ್ಲಾಸು! ಇದು ಬಹಳ ಮಂದಿ ಮಾಡುವ ತಪ್ಪು. ಇಂಗ್ಲೆಂಡಿನಲ್ಲಿ ಆಗಸ್ಟ್ 31ಕ್ಕೆ ಐದು ತುಂಬಿದವರು ಇಯರ್ ಒನ್. ನಮ್ಮ ಒಂದನೇ ಕ್ಲಾಸಿಗೆ ಸಮ ಇಯರ್ ಟೂ. ಕರ್ನಾಟಕದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅನ್ನುವ ನಿಯಮ 2025-26ಕ್ಕೆ ಬರಬೇಕಿತ್ತು, ಆ ವರ್ಷಕ್ಕೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಿದರು. ಆ ನಿಯಮದ ಪ್ರಕಾರ ಜುಲೈ ಮಗು ಒಂದನೇ ಕ್ಲಾಸಿಗೆ ಹೋಗುವಾಗ ಅದಕ್ಕೆ ಏಳು ಹತ್ತಿರ ಬಂದಿರುತ್ತದೆ. ಇಲ್ಲಿ ಅದೇ ಮಗು ತರಗತಿಯ ಅತಿ ಚಿಕ್ಕವರಲ್ಲಿ ಒಂದಾಗಿತ್ತು. ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಜೊತೆಗಾರರಿಗಿಂತ ಹತ್ತು ತಿಂಗಳು ಕಿರಿಯಳು. ಐದು ವರ್ಷದಲ್ಲಿ ಹತ್ತು ತಿಂಗಳು ಅಂದರೆ ಸಣ್ಣ ಅಂತರವಲ್ಲ. ಹಳದಿ ಚೀಟಿ ಬರೆಯುವಾಗ ಇದನ್ನೂ ಯಾರೂ ನೆನೆದಿರಲಿಲ್ಲ.

ಇಯರ್ ಒನ್ ಕೊನೆಗೆ ಫೋನಿಕ್ಸ್ ಪರೀಕ್ಷೆ ಇದೆ. ಇಂಗ್ಲೆಂಡಿನಲ್ಲಿ 2012ರಿಂದ ನಡೆಯುತ್ತಿದೆ, ನಮ್ಮ ಶಾಲೆಯಲ್ಲೂ ಮಾಡುತ್ತೇವೆ. 40 ಪದ. 20 ನಿಜವಾದವು, 20 ಸುಮ್ನೆ ಹುಟ್ಟಿಸಿದವು. ಹುಟ್ಟಿಸಿದ ಪದದ ಪಕ್ಕ ಒಂದು ಅನ್ಯಗ್ರಹದ ಜೀವಿಯ ಚಿತ್ರ ಇರುತ್ತದೆ. ನೋಡಿ ಬಾಯಿಪಾಠ ಮಾಡಿದ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಇಲ್ಲಿವರೆಗೆ ದಾಟಬೇಕಾದ ಗೆರೆ 32.

ಉಚ್ಚಾರಣೆಯ ಧಾಟಿಯನ್ನು ಗಮನದಲ್ಲಿ ಇಟ್ಟುಕೊಂಡೇ ಅಂಕ ಕೊಡಬೇಕು ಅನ್ನುವುದು ಪರೀಕ್ಷೆಯ ನಿಯಮ. ಹಾಗಾಗಿ ವ ಒಂದೇ ಆದರೂ ಅಂಕ ಹೋಗಬಾರದು ಅಂತ ಮೊದಲೇ ಟೀಚರ್ ಜೊತೆ ಮಾತಾಡಿಕೊಂಡೆ. ಮಾರ್ಚ್‌ನ ಅಭ್ಯಾಸದಲ್ಲಿ ಪುಟ್ಟಿಗೆ 24 ಬಂದಿತ್ತು. ಜೂನ್‌ನಲ್ಲಿ 31.

ಹೌದು, ಒಂದೇ ಒಂದು ಕಡಿಮೆ. ಹೋದದ್ದು ಹೆಚ್ಚಾಗಿ ಪದದ ಶುರುವಿನ ಜೋಡಿ ಸದ್ದುಗಳಲ್ಲಿ. ಅಜ್ಜಿ ಸ್ಕೂಲನ್ನು ‘ಇಸ್ಕೂಲು’ ಅನ್ನುತ್ತಾರಲ್ಲ, ಅದೇ. ಬಾಲ ಕತ್ತರಿಸುವುದನ್ನು ಕಲಿಸಿದ ನಾನು ಮೂತಿಯ ಕಡೆ ನೋಡಿರಲಿಲ್ಲ. ‘ಪಾಸೋ ಫೇಲೋ ಮೇಡಂ?’ ಅಂತ ಅಪ್ಪ ಕೇಳಿದರು. ಎರಡೂ ಅಲ್ಲ ಸರ್, ಇಯರ್ ಟೂನಲ್ಲಿ ಇನ್ನೊಂದು ಸಲ ಇದೆ ಅಂದೆ. ಅವರು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಏನೂ ಹೇಳಲಿಲ್ಲ.

ಆ ರಜೆಯ ಮುಂಚೆ ಪುಟ್ಟಿಗೆ ಕನ್ನಡ ಅಕ್ಷರವೂ ಶುರುವಾಗಿತ್ತು. ದುಬೈಯಲ್ಲಿ ಕನ್ನಡ ಮಿತ್ರರು ಸಂಘಟನೆ ಮಕ್ಕಳಿಗಾಗಿ ಕನ್ನಡ ಪಾಠಶಾಲೆ ನಡೆಸುತ್ತದೆ, ಅದರ ಬಗ್ಗೆ ಹೇಳಿದ್ದೆ. ಆದರೆ ಮನೆಯಲ್ಲಿ ಮೊದಲು ನಾನೇ ಶುರು ಮಾಡ್ತೀನಿ ಅಂತ ಅಜ್ಜಿ ಹಟ ಹಿಡಿದರು. ಒಂದು ಸಂಜೆ ಅವರದೇ ಫೋನ್ ಬಂತು.

‘ಏನಮ್ಮ ಇದು, ನೀನು ಕಲಿಸಿದ್ದಾ? ಕಮಲ ಓದೇ ಅಂದ್ರೆ ಕ್, ಮ್, ಲ್ ಅಂತ ಉಗುಳ್ತಾ ಇದಾಳೆ!’

ನಾನು ಜೋರಾಗಿ ನಕ್ಕೆ. ‘ಬಾಲ ಎಲ್ಲ ಕತ್ತರಿಸಿಬಿಟ್ಟಿದಾಳೆ ಅಮ್ಮ. ವಾಪಸ್ ಅಂಟಿಸೋಕೆ ಹೇಳಿ’ ಅಂದೆ.

ಫೋನಿನ ಹಿಂದಿನಿಂದ ಪುಟ್ಟಿಯ ದನಿ ಕೇಳಿಸಿತು. ‘ಯಾವ ಬಾಲ ಅಂಟಿಸ್ಬೇಕು? ಅ ನಾ, ಉ ನಾ?’